ನಟನ ಹೆಸರಿಗೆ ಹೊಣೆ ಯಾರು?

ರಂಗಶಾಲೆಯಲ್ಲಿ ಕಲಿಯುತ್ತಿರುವ ವಿದ್ಯಾರ್ಥಿಯು, ವ್ಯಾಸಂಗವು ಮುಗಿಯುವ ಮೊದಲೇ, ತನಗೆ ಪಾತ್ರಗಳನ್ನು ದೊರಕಿಸಿಕೊಡುವ ಪ್ರತಿನಿಧಿಯೊಬ್ಬನನ್ನು ಅರಸುವುದು ಉಚಿತವೇ? ಇದು ದೊಡ್ಡ ಪಟ್ಟಣಗಳವರ ಪ್ರಶ್ನೆಯೆಂದು ಮಳವಳ್ಳಿಯವರು ಸುಮ್ಮನಿರಬೇಕಾಗಿಲ್ಲ. ಮಗನನ್ನೋ ಮಗಳನ್ನೋ ಅಂಥ ಶಾಲೆಗೆ ಕಳುಹಿಸಲೊಪ್ಪಿದ ತಂದೆತಾಯಿಗಳು ಮುಂದೇನೆಂದು ಕೇಳಿಯೇ ಕೇಳುವರು. ಕಲೆಯಲ್ಲಿ ಹೊಟ್ಟೆಪಾಡಿನ ಮಾತೇಕೆಂದು ಅವರ ಬಾಯಿ ಮುಚ್ಚಿಸುವುದು ನ್ಯಾಯವಲ್ಲ.

ವೃತ್ತಿನಾಟಕದ ಕಾಲದಲ್ಲಿ ಈ ಪ್ರಶ್ನೆಯು ಹೀಗೆ ಹುಟ್ಟುವಂತಿರಲಿಲ್ಲ. ಕಂಪನಿಯೇ ಗುರುಕುಲ, ಕಂಪನಿಯೇ ಅನ್ನದಾತ. ಬಾಲಕರಾಗಿ ಗುಬ್ಬಿ ಕಂಪನಿಯನ್ನು ಸೇರಿದ ಮುತ್ತುರಾಜರು 1954ರ ‘ಬೇಡರ ಕಣ್ಣಪ್ಪ’ ಚಿತ್ರದಿಂದ ರಾಜಕುಮಾರರೆನಿಸಿದಾಗ, ಅವರ ಬೆನ್ನಿಗಿದ್ದದ್ದು ರಂಗದ ಮೇಲೆ ಕಳೆದ ವರ್ಷಗಳು. ಆದರೆ ಆ ವ್ಯವಸ್ಥೆಯಲ್ಲಿ ಒಡೆಯನಿಗೆ ನಷ್ಟವಾದರೆ ನಟನ ಊಟಕ್ಕೂ ಕುತ್ತು; ನಟನ ಪಕ್ಷವಾಗಿ ಮಾತನಾಡುವವರಿಲ್ಲ. ಈ ಕೊರತೆಯನ್ನೂ ನೆನೆಯಬೇಕು.

ಲಂಡನ್ನಿನ ರಂಗಶಾಲೆಗಳಲ್ಲಿ ಕಡೆಯ ವರ್ಷದ ವಿದ್ಯಾರ್ಥಿಗಳು ಏಜೆಂಟರ ಮುಂದೆ ಕಿರಿಯ ದೃಶ್ಯಗಳನ್ನು ಅಭಿನಯಿಸಿ ತೋರುವ ವಾಡಿಕೆಯುಂಟು. ಒಪ್ಪಿಕೊಂಡ ಏಜೆಂಟನು ಅವಕಾಶವನ್ನು ಹುಡುಕಿ, ಕರಾರನ್ನು ಗೊತ್ತುಮಾಡಿ, ನಟನು ಸಂಪಾದಿಸಿದ ಮೇಲೆ ಅದರಲ್ಲೊಂದು ಪಾಲನ್ನು ಪಡೆಯುತ್ತಾನೆ. ಸಂಪಾದಿಸಿದ ಮೇಲೆ ಎಂಬುದೇ ಇಲ್ಲಿ ಮುಖ್ಯ. ಪಾತ್ರ ಕೊಡಿಸುವೆನೆಂದು ಮುಂಗಡವಾಗಿ ಹಣ ಕೇಳುವವನನ್ನು ಪ್ರತಿನಿಧಿಯೆಂದು ಯಾವ ಮನೆಯವರೂ ನಂಬಬಾರದು.

ನಮ್ಮಲ್ಲಿ ಈ ಹೊಣೆಯನ್ನು ಬಹುಕಾಲ ಹೊತ್ತದ್ದು ಹೆಸರಿನ ಹಿಂದಿನ ಹೆಸರು. ನಟಿಯೂ ಗಾಯಕಿಯೂ ಆಗಿದ್ದ ಸುಂದರಮ್ಮನವರನ್ನು ನಾಡು ಮಳವಳ್ಳಿ ಸುಂದರಮ್ಮನವರೆಂದೇ ಅರಿಯಿತು. ನಮ್ಮ ಮಂಡ್ಯ ಜಿಲ್ಲೆಯವರೇ ಆದ, 2013ರ ‘ಲೂಸಿಯಾ’ದ ನಾಯಕನಟ ಸತೀಶರು ತಾವು ಕಲಿತ ನೀನಾಸಂ ಶಾಲೆಯ ಹೆಸರನ್ನು ಧರಿಸಿದರು. ದಿವಂಗತ ವಿಜಯ್ ಅವರು ತಮ್ಮ ತಂಡದಿಂದ ಸಂಚಾರಿ ಎನಿಸಿಕೊಂಡರು. ಊರಿದ್ದ ಸ್ಥಾನಕ್ಕೆ ಶಾಲೆಯೂ ತಂಡವೂ ಬಂದುವು.

ಹೆಸರು ಕೊಟ್ಟ ಶಾಲೆಗೆ ಹೊಣೆಯೂ ಉಂಟು. ಹೆಗ್ಗೋಡಿನಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆದ ನೀನಾಸಂ, 1985ರಲ್ಲಿ ‘ತಿರುಗಾಟ’ವನ್ನು ಆರಂಭಿಸಿತು. ಕಲಿತ ನಟರು ಊರೂರು ಸುತ್ತಿ ಆಡುವ ಈ ಏರ್ಪಾಡಿನಲ್ಲಿ ನಟನ ಭಾವಚಿತ್ರವಲ್ಲ, ನಟನೇ ಜನರೆದುರು ನಿಲ್ಲುತ್ತಾನೆ. ಇದಕ್ಕಿಂತ ಒಳ್ಳೆಯ ಪರಿಚಯಪತ್ರ ಬೇರಿಲ್ಲ. ಆದರೆ ಇಂಥ ತಂಡದಲ್ಲಿ ಕಲಿತವರೆಲ್ಲರಿಗೂ ಸ್ಥಳವಿರದು. ಆದಕಾರಣ ಕರಾರನ್ನು ಓದುವುದು, ಸಂಭಾವನೆಯನ್ನು ಕೇಳುವುದು, ಒಲ್ಲದ ಪಾತ್ರವನ್ನು ನಿರಾಕರಿಸುವುದು ಇವನ್ನೂ ಶಾಲೆಯೇ ಕಡೆಯ ತಿಂಗಳುಗಳಲ್ಲಿ ಕಲಿಸಬೇಕು.

ವ್ಯಾಸಂಗದ ನಡುವೆಯೇ ಪ್ರತಿನಿಧಿಯನ್ನು ಹುಡುಕುವುದಕ್ಕೆ ನಮ್ಮ ಆಕ್ಷೇಪಣೆ ಬೇರೊಂದು ಕಾರಣದಿಂದ. ಪಾತ್ರವನ್ನು ಮಾರಬೇಕಾದವನು ನಟನ ಮುಖವನ್ನೂ ಮಾತನ್ನೂ ನೋಡಿ ಬೇಗನೆ ಒಂದು ಅಚ್ಚಿಗೆ ಹಾಕುತ್ತಾನೆ. ಮಂಡ್ಯದ ಆಡುನುಡಿ ಕೇಳಿದೊಡನೆ ನಗೆಯ ಪಾತ್ರವನ್ನೋ ಒರಟನ ಪಾತ್ರವನ್ನೋ ಕೊಡುವ ರೂಢಿಯನ್ನು ಚಿತ್ರಗಳಲ್ಲಿ ಕಾಣದವರಾರು? ಅದೇ ನುಡಿಯಲ್ಲಿ ಶೋಕವೂ ಗಾಂಭೀರ್ಯವೂ ನುಡಿಯಬಲ್ಲವೆಂದು ವಿದ್ಯಾರ್ಥಿಗೆ ತಿಳಿಯಬೇಕಾದ್ದು ಶಾಲೆಯಲ್ಲಿ. ಅದು ತಿಳಿಯುವ ಮೊದಲೇ ಅಚ್ಚಿಗೆ ಬಿದ್ದವನು ಹೊರಬರುವುದು ಕಷ್ಟ.

ಮೊದಲು ಕಲಿಕೆ; ಕಡೆಯ ತಿಂಗಳುಗಳಲ್ಲಿ, ಗುರುಗಳ ತಿಳಿವಳಿಕೆಯೊಡನೆ, ಪ್ರತಿನಿಧಿಯ ಅನ್ವೇಷಣೆ: ಇದು ನಮ್ಮ ಅಭಿಪ್ರಾಯ. ಮಕ್ಕಳನ್ನು ಕಳುಹಿಸುವ ಹಿರಿಯರು ಶಾಲೆಯವರನ್ನು ಏನು ಕಲಿಸುವಿರೆಂದು ಕೇಳುವಂತೆಯೇ, ಕಲಿತವರನ್ನು ಎಲ್ಲಿಯವರೆಗೆ ಕೈಹಿಡಿದು ನಡೆಸುವಿರೆಂದೂ ಕೇಳಲಿ.