ಗೆಜೆಟಿಯರಿಗೆ ಸಿಗದ ಹೊಳೆಸಾಲು

ಜಿಲ್ಲಾ ಗೆಜೆಟಿಯರನ್ನು ನಾವು ಓದುವುದಿಲ್ಲ, ನೋಡುತ್ತೇವೆ. ಒಂದು ಗುಡಿಯ ಕಾಲ, ಒಂದು ಸಂತೆಯ ದಿನ ಬೇಕಾದಾಗ ಕಪಾಟಿನಿಂದ ತೆಗೆದು, ಸಿಕ್ಕೊಡನೆ ಮುಚ್ಚಿಡುತ್ತೇವೆ. ಕವಿತೆಗೆ, ಕಾದಂಬರಿಗೆ ವಿಮರ್ಶಕರಿದ್ದಾರೆ. ಈ ದಪ್ಪ ಪುಸ್ತಕಕ್ಕೆ ಯಾರೂ ಇಲ್ಲ. ಆದರೆ ಒಂದು ಸೀಮೆಯ ಜನರ ಬದುಕಿನ ಮೇಲೆ ಯಾವ ಕಾದಂಬರಿಯೂ ನಡೆಸದಷ್ಟು ಅಧಿಕಾರವನ್ನು ನಡೆಸಿರುವುದು ಇದೇ ಬಗೆಯ ಬರವಣಿಗೆ. ಹಾಗಾಗಿ ಇದನ್ನು ಒಂದು ಕೃತಿಯೆಂದೇ ಎತ್ತಿಕೊಂಡು, ಅದು ಏನನ್ನು ಕಂಡಿತು, ಏನನ್ನು ಬಿಟ್ಟಿತು ಎಂದು ಕೇಳಬೇಕೆನ್ನಿಸಿದೆ. ನಾನು ಮುಂದಿಟ್ಟುಕೊಂಡಿರುವುದು ಮುಂಬಯಿ ಇಲಾಖೆಯ ಗೆಜೆಟಿಯರ್ ಮಾಲೆಯ 23ನೆಯ ಸಂಪುಟ. ಜೇಮ್ಸ್ ಕ್ಯಾಂಪ್‌ಬೆಲ್ಲರ ಸಂಪಾದಕತ್ವದಲ್ಲಿ 1884ರಲ್ಲಿ ಬಂದ ಬಿಜಾಪುರ ಜಿಲ್ಲೆಯ ವಿವರ.

ಮೊದಲು ಅದರ ಹಿರಿಮೆಯನ್ನೇ ಹೇಳಬೇಕು. ಇಂದಿನ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಬಹುಭಾಗವನ್ನು ಅದು ಊರೂರು ಹಿಡಿದು ದಾಖಲಿಸಿದೆ. 1876-77ರ ಬರ ಬಂದು ಹೋಗಿ ಕೆಲವೇ ವರ್ಷವಾಗಿದ್ದ ಕಾಲ ಅದು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಈ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಭಾಗ ಇಲ್ಲವಾಯಿತು. ಸತ್ತವರೆಷ್ಟು, ಗುಳೆ ಹೋಗಿ ಮರಳದವರೆಷ್ಟು ಎಂಬುದನ್ನು ಅಜ್ಜಿಯರ ನೆನಪು ಲೆಕ್ಕ ಇಡುವುದಿಲ್ಲ. ಸರಕಾರದ ಕಾಗದ ಇಟ್ಟಿತು. ಆ ಋಣವನ್ನು ನಾನು ಮರೆಯಲಾರೆ.

ತೊಡಕು ಇರುವುದು ಪುಸ್ತಕದ ಕಟ್ಟಣೆಯಲ್ಲಿ. ಈ ಮಾಲೆಯ ಸಂಪುಟಗಳಿಗೆಲ್ಲ ಒಂದೇ ಅಚ್ಚು: ಮೊದಲು ನೆಲದ ವರ್ಣನೆ, ಆಮೇಲೆ ಉತ್ಪನ್ನ, ಜನ, ಕೃಷಿ, ಬಂಡವಾಳ, ವ್ಯಾಪಾರ, ಇತಿಹಾಸ, ಜಮೀನಿನ ಆಡಳಿತ, ಹೀಗೆ ಸಾಗಿ ಕೊನೆಗೆ ತಾಲೂಕುಗಳು, ನೋಡತಕ್ಕ ಸ್ಥಳಗಳು. ಹೊಳೆ ಮೊದಲ ಅಧ್ಯಾಯದಲ್ಲಿ ಹರಿದು ಮುಗಿಯುತ್ತದೆ. ಜನ ಮೂರನೆಯದರಲ್ಲಿ ಜಾತಿಜಾತಿಯಾಗಿ ಸಾಲುಹಿಡಿದು ಬರುತ್ತಾರೆ. ಹೊಳೆಗೂ ಜನಕ್ಕೂ ಇರುವ ಸಂಬಂಧಕ್ಕೆ ಅಧ್ಯಾಯವೇ ಇಲ್ಲ. ಈ ಸೀಮೆಯ ನಿಜವಾದ ಕಥೆ ಇರುವುದು ಆ ಸಂಬಂಧದಲ್ಲಿ ಎನ್ನುವುದೇ ನನ್ನ ತಕರಾರು.

ಒಂದು ಉದಾಹರಣೆ ನೋಡಿ. ಕೃಷ್ಣೆ, ಭೀಮೆ, ಘಟಪ್ರಭೆ, ಮಲಪ್ರಭೆ, ಡೋಣಿ ಎಂದು ಐದು ಹೊಳೆ ಹರಿಯುವ ನಾಡಿನಲ್ಲಿ ಐದನೆಯ ಒಂದು ಭಾಗ ಜನ ಬರಕ್ಕೆ ತುತ್ತಾಗಿ ಕರಗಿದ್ದು ಹೇಗೆ? ಉತ್ತರ ಹೊಳೆಯ ದಂಡೆಯ ಮೇಲೆ ನಿಂತವರಿಗೆ ತಿಳಿಯುತ್ತದೆ. ನಮ್ಮ ಕಡೆ ಹೊಳೆ ಆಳದಲ್ಲಿ ಹರಿಯುತ್ತದೆ, ಎರೆಹೊಲ ಎತ್ತರದಲ್ಲಿ ಇರುತ್ತದೆ. ಪಂಪು ಬರುವುದಕ್ಕೆ ಮೊದಲು ಆ ನೀರನ್ನು ಹೊಲಕ್ಕೆ ಏರಿಸುವುದು ಬಡ ರೈತನ ಕೈಯ ಮಾತಾಗಿರಲಿಲ್ಲ. ಹಿಂಗಾರಿ ಬಿಳಿಜೋಳ ನಿಂತದ್ದು ಹೊಳೆಯನ್ನಲ್ಲ, ಎರೆಮಣ್ಣು ಹಿಡಿದಿಟ್ಟುಕೊಂಡ ಹಸಿಯನ್ನು ನಂಬಿ. ಮುಗಿಲು ಕೈಬಿಟ್ಟರೆ ಹೊಳೆ ಕಣ್ಣಿಗೆ ಕಾಣುತ್ತಿದ್ದರೂ ಹೊಟ್ಟೆಗೆ ಆಗದು. ಹೊಳೆಯ ಅಧ್ಯಾಯವನ್ನೂ ಬರದ ಪುಟಗಳನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದರೆ ಮಾತ್ರ ಇದು ಹೊಳೆಯುತ್ತದೆ. ಪುಸ್ತಕ ಆ ಕೆಲಸವನ್ನು ಓದುಗನಿಗೇ ಬಿಟ್ಟಿದೆ.

ಇನ್ನೊಂದು, ಗಡಿಯ ಮಾತು. ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ, ಮಲಪ್ರಭೆ ಕಣಕುಂಬಿಯಲ್ಲಿ, ಘಟಪ್ರಭೆ ಸಹ್ಯಾದ್ರಿಯ ಸಾಲಿನಲ್ಲಿಯೇ. ಅಲ್ಲಿ ಮಳೆ ಸುರಿದರೆ ಇಲ್ಲಿ ಮಹಾಪೂರ. 2019ರ ಆಗಸ್ಟಿನಲ್ಲಿ ಹೊಳೆಸಾಲಿನ ಹಳ್ಳಿಗಳು ಮುಳುಗಿದ್ದು ಇಲ್ಲಿಯ ಮಳೆಗಲ್ಲ, ಘಟ್ಟದ ಮಳೆಗೆ. ಸಾಂಗ್ಲಿ, ಕೊಲ್ಹಾಪುರದವರೋ ತಮ್ಮ ಮಹಾಪೂರಕ್ಕೆ ನಮ್ಮ ಆಲಮಟ್ಟಿಯನ್ನು ದೂರುತ್ತಾರೆ. ಹೊಳೆಗೆ ಜಿಲ್ಲೆ ಗೊತ್ತಿಲ್ಲ. ಜಿಲ್ಲೆಯ ಪುಸ್ತಕಕ್ಕೋ ಗಡಿಯಾಚೆ ಏನೂ ಗೊತ್ತಿಲ್ಲ. ಘಟಪ್ರಭೆಯ ದಂಡೆಯ ಕಲಾದಗಿ 1884ರ ಪುಸ್ತಕದಲ್ಲಿ ಇದೆ; ಅದೇ ಹೊಳೆಗುಂಟ ಮೇಲಕ್ಕೆ ಹೋದರೆ ಸಿಗುವ ಮುಧೋಳ ಸಂಸ್ಥಾನಿಕರದ್ದಾಗಿದ್ದರಿಂದ ಜಿಲ್ಲೆಯ ಲೆಕ್ಕಕ್ಕಿಲ್ಲ. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾದಾಗ, ಅಲ್ಲಿಯವರೆಗೆ ನಡುಮನೆಯಲ್ಲಿದ್ದ ಕೃಷ್ಣೆ ಬಹುದೂರದವರೆಗೆ ಎರಡು ಜಿಲ್ಲೆಗಳ ನಡುವಿನ ಬೇಲಿಯಾದಳು. ಆಚೆದಂಡೆಗೆ ಹೆಣ್ಣು ಕೊಟ್ಟವರು, ಆಚೆದಂಡೆಯ ಜಾತ್ರೆಗೆ ನಡೆದುಕೊಂಡವರು ಮಾತ್ರ ಮೊದಲಿನಂತೆಯೇ ಇದ್ದಾರೆ.

ಜನರ ಅಧ್ಯಾಯಕ್ಕೂ ಇದೇ ಮಾತು. ಒಂದೊಂದು ಜಾತಿಯ ಮನೆ, ಊಟ, ಉಡುಗೆ, ಮದುವೆ, ಸಾವು ಎಂದು ಕ್ಯಾಂಪ್‌ಬೆಲ್ಲರ ಮಾಲೆ ತಾಳ್ಮೆಯಿಂದ ಬರೆಯುತ್ತದೆ. ಜೊತೆಗೆ ಇವರು ದುಡಿಯುವವರು, ಇವರು ಮಿತವ್ಯಯಿಗಳು ಎಂದು ಒಂದು ನಡತೆಯ ಪತ್ರವನ್ನೂ ಕೊಡುತ್ತದೆ. ಅಂಬಿಗನನ್ನು ಹೀಗೆ ಕುಲದಿಂದ ಗುರುತಿಸಿದರೆ ಅವನ ಉಡುಗೆ ತಿಳಿಯುತ್ತದೆ. ಯಾವ ತಿಂಗಳಲ್ಲಿ ಯಾವ ಕಡೆ ಹರಗೋಲು ಹಾಕಬಹುದೆಂಬ ಅವನ ವಿದ್ಯೆ ತಿಳಿಯುವುದಿಲ್ಲ. ನೀರು ಇಳಿದ ಮೇಲೆ ಹೊಳೆಯ ಮೆಕ್ಕಲಿನಲ್ಲಿ ಮುಳಗಾಯಿ, ಸೌತೆ ಬೆಳೆದು ಸಂತೆಗೆ ಒಯ್ಯುವ ಹೆಂಗಸಂತೂ ಯಾವ ಜಾತಿಯ ಕಲಮಿನಲ್ಲಿಯೂ ಹಿಡಿಸುವುದಿಲ್ಲ.

ಪರದೇಶದ ಅಧಿಕಾರಿ ತನ್ನ ಆಡಳಿತಕ್ಕೆ ಬರೆದ ಪುಸ್ತಕದಿಂದ ಇಷ್ಟೆಲ್ಲ ಕೇಳುವುದು ನ್ಯಾಯವೇ ಎಂದು ಯಾರಾದರೂ ಅನ್ನಬಹುದು. ಸರಿಯೇ. ಆದರೆ 1966ರಲ್ಲಿ ನಮ್ಮದೇ ರಾಜ್ಯ ಬಿಜಾಪುರಕ್ಕೆ ಹೊಸ ಗೆಜೆಟಿಯರ್ ತಂದಿತು. ಅಂಕಿಗಳು ಹೊಸವಾದವು, ಬೇರೆಬೇರೆ ಅಧ್ಯಾಯಗಳ ಅಚ್ಚು ಹಾಗೆಯೇ ಉಳಿಯಿತು. ಅಷ್ಟರಲ್ಲಿ ಆಲಮಟ್ಟಿಗೆ ಅಡಿಗಲ್ಲು ಬಿದ್ದು ಎರಡು ವರ್ಷವಾಗಿತ್ತು.

ಈ ಅಚ್ಚಿನ ಬೆಲೆ ಏನೆಂದು ತಿಳಿಯುವುದು ಅಲ್ಲಿಯೇ. ಆಣೆಕಟ್ಟಿನ ಭಾಷೆಯಲ್ಲಿ ಹೊಳೆ ಎಂದರೆ ಮಟ್ಟ. 2000ದಲ್ಲಿ ಸುಪ್ರೀಂ ಕೋರ್ಟು 519.6 ಮೀಟರಿಗೆ ಒಪ್ಪಿತು. 2010ರಲ್ಲಿ ಎರಡನೆಯ ಕೃಷ್ಣಾ ನ್ಯಾಯಮಂಡಳಿ 524.256 ಮೀಟರ್ ಎಂದಿತು. ಆ ಮೂರು ದಶಾಂಶಗಳನ್ನು ಕಂಡು ಬೆರಗಾಗಬೇಕಿಲ್ಲ. ಅದು 1720 ಅಡಿಯನ್ನು ಮೀಟರಿಗೆ ಇಳಿಸಿದ ಲೆಕ್ಕ ಅಷ್ಟೆ. ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಹಿನ್ನೀರಿಗೆ ಹೋಗಿ ನವನಗರ ಎದ್ದಿತು. ಇನ್ನು ಎತ್ತರಿಸಿದರೆ ಮುಳುಗುವ ಭೂಮಿಗೆ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ದರ ಗೊತ್ತುಮಾಡಿತು: ನೀರಾವರಿ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ. ದರ ಹೆಚ್ಚೋ ಕಡಿಮೆಯೋ ಎಂಬ ವಾದ ಬೇರೆ. ನನಗೆ ಕಾಣುವುದು ಆ ಎರಡೇ ಪದ. ಎರೆ, ಮಸಾರಿ, ಮಡ್ಡಿ, ಹೊಳೆಸಾಲು ಎಂದು ಹೆಸರಿಟ್ಟು ಬದುಕಿದ ಜನರ ನೆಲ ಎರಡು ಕಲಮಿನೊಳಗೆ ಬಂದು ನಿಂತಿದೆ. ಉತಾರದಲ್ಲಿ ಹೆಸರಿಲ್ಲದ ಅಂಬಿಗ, ಪಾಲಿಗೆ ಮಾಡುವವ, ಮೆಕ್ಕಲಿನ ಮುಳಗಾಯಿಯ ಹೆಂಗಸು ಎಕರೆಯ ಲೆಕ್ಕದಲ್ಲಿ ಎಲ್ಲಿ ನಿಲ್ಲಬೇಕು? ವರ್ಣನೆಯಲ್ಲಿ ಬಿಟ್ಟುಹೋದವರು ಪರಿಹಾರದ ಪಟ್ಟಿಯಲ್ಲಿ ತಾವಾಗಿ ಬಂದು ಕೂಡುವುದಿಲ್ಲ.

ಬೇರೆ ರೀತಿ ಬರೆಯಲು ಬರುತ್ತದೆ ಎನ್ನುವುದಕ್ಕೆ ಕನ್ನಡದಲ್ಲಿಯೇ ಸಾಕ್ಷಿ ಇದೆ. ಇನ್ನೊಂದು ಹೊಳೆಯ, ಶರಾವತಿಯ ಮುಳುಗಡೆಯನ್ನು ಕುರಿತ ನಾ. ಡಿಸೋಜರ ‘ದ್ವೀಪ’ದಲ್ಲಿ ನೀರು ಏರುವುದು ಮೀಟರಿನಲ್ಲಲ್ಲ, ಒಂದು ಮನೆಯ ಕಡೆಗೆ. ನೀರಿನ ಮಟ್ಟವೂ ಆ ಮನೆಯವರ ಅಂಜಿಕೆಯೂ ಅಲ್ಲಿ ಒಂದೇ ಅಧ್ಯಾಯದಲ್ಲಿವೆ. ಗೆಜೆಟಿಯರು ಕಾದಂಬರಿಯಾಗಬೇಕೆಂದು ನಾನು ಹೇಳುತ್ತಿಲ್ಲ. ಅಂಕಿ ಬೇಕೇ ಬೇಕು. 1881ರ ಅಂಕಿ ಇಲ್ಲದಿದ್ದರೆ ಆ ಬರ ಬರಿಯ ಕಥೆಯಾಗಿ ಉಳಿಯುತ್ತಿತ್ತು.

ಆದರೆ ನಮ್ಮ ಜಿಲ್ಲೆಗಳ ವಿವರವನ್ನು ಮತ್ತೊಮ್ಮೆ ಬರೆಯುವವರು ತಾಲೂಕು ಹಿಡಿಯದೆ ಹೊಳೆ ಹಿಡಿದು ಬರಲಿ. ಕೂಡಲಸಂಗಮಕ್ಕೆ ಬಂದಾಗ ಬಸವಣ್ಣನವರ ಐಕ್ಯಮಂಟಪವನ್ನು ಹಿನ್ನೀರಿನಿಂದ ಗೋಡೆ ಕಟ್ಟಿ ಉಳಿಸಿಕೊಂಡದ್ದನ್ನು ಬರೆಯಲಿ. ಅದೇ ಹಿನ್ನೀರಿಗೆ ಊರು ಬಿಟ್ಟವರು ಎಲ್ಲಿಗೆ ಹೋದರು, ಯಾವ ಕಸುಬನ್ನು ಕಳೆದುಕೊಂಡರು ಎಂಬುದನ್ನೂ ಅದೇ ಪುಟದಲ್ಲಿ ಬರೆಯಲಿ. ಕಲ್ಲಿನ ಮಂಟಪಕ್ಕೆ ಸಿಕ್ಕ ಗೋಡೆ ಜೀವಂತ ಮನುಷ್ಯರಿಗೆ ಒಂದು ಸಾಲಿನಷ್ಟಾದರೂ ಸಿಗಲಿ.