ಸ್ಟಾಪರ್ ಇಲ್ಲದ ದಿನ ಡಿಫೆನ್ಸ್ ನೋಡುವುದು ಹೇಗೆ

ಗೋಲು ಬಿದ್ದದ್ದು ಎಲ್ಲರಿಗೂ ಕಾಣುತ್ತದೆ. ಬೀಳಬೇಕಿದ್ದ ಗೋಲು ಬೀಳದೆ ಹೋದದ್ದು ಕಾಣಬೇಕಾದರೆ ಕಣ್ಣಿಗೆ ಸ್ವಲ್ಪ ಅಭ್ಯಾಸ ಬೇಕು. ಆ ಅಭ್ಯಾಸಕ್ಕೆ ಟಿವಿಯ ದೊಡ್ಡ ಪಂದ್ಯಗಳು ಅಷ್ಟೇನೂ ಒಳ್ಳೆಯ ಮೇಷ್ಟ್ರಲ್ಲ. ಕ್ಯಾಮೆರಾ ಸದಾ ಚೆಂಡಿನ ಬೆನ್ನು ಹತ್ತಿರುತ್ತದೆ. ಚೆಂಡಿನಿಂದ ದೂರದಲ್ಲಿ ಡಿಫೆಂಡರ್ ಒಬ್ಬ ಎರಡು ಹೆಜ್ಜೆ ಬಲಕ್ಕೆ ಸರಿದು ಅಪಾಯ ತಪ್ಪಿಸಿದ್ದು ಅದಕ್ಕೆ ಬೇಕಿಲ್ಲ. ಆದ್ದರಿಂದ ಕಲಬುರಗಿಯ ಐವಾನ್-ಎ-ಶಾಹಿ ಕಡೆಯವರು ಸಂಜೆ ವಾಕಿಂಗಿಗೆ ಹೊರಟಾಗ ಚಂದ್ರಶೇಖರ ಪಾಟೀಲ ಕ್ರೀಡಾಂಗಣದತ್ತ ಒಮ್ಮೆ ಕಾಲು ಹಾಕಲಿ. ಹದಿನಾಲ್ಕರ ಒಳಗಿನವರದೋ ಹದಿನೇಳರ ಒಳಗಿನವರದೋ ಫುಟ್‌ಬಾಲ್ ಪಂದ್ಯ ನಡೆದಿದ್ದರೆ ನಿಂತು ನೋಡಲಿ. ಅದರಲ್ಲೂ ಒಂದು ತಂಡದ ಸ್ಟಾಪರ್ ಅವತ್ತು ಬಂದಿಲ್ಲ ಎಂದು ಗೊತ್ತಾದರೆ ಮನೆಗೆ ಫೋನ್ ಮಾಡಿ ಊಟಕ್ಕೆ ತಡವಾಗುತ್ತದೆ ಎಂದುಬಿಡಲಿ.

ಸ್ಟಾಪರ್ ಎಂದರೆ ಹಿಂದಿನ ಸಾಲಿನ ನಡುವೆ, ಗೋಲ್‌ಕೀಪರನ ಮುಂದೆ ನಿಲ್ಲುವವನು. ಎಲ್ಲರೂ ಸರಿಯಾಗಿದ್ದ ದಿನ ಒಳ್ಳೆಯ ಡಿಫೆನ್ಸಿನಲ್ಲಿ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಅವನೊಬ್ಬ ಇಲ್ಲದಿದ್ದರೆ, ಅವನು ಇಷ್ಟು ದಿನ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಗಳೆಲ್ಲ ಒಂದೊಂದಾಗಿ ಹೊರಗೆ ಬೀಳುತ್ತವೆ. ಹೊಸ ರಸಿಕನಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ.

ಅವನು ಇಲ್ಲದಿರಲು ಕಾರಣಗಳು ನಮ್ಮ ಕಡೆ ಬೇಕಾದಷ್ಟಿವೆ. ಜ್ವರ, ಮೊಣಕಾಲು ನೋವು ಎಲ್ಲ ಊರಿಗೂ ಸಮ. ಶಾಲಾ ಕ್ರೀಡಾಕೂಟ ತಾಲ್ಲೂಕು, ಜಿಲ್ಲೆ, ವಿಭಾಗ ಎಂದು ಮೆಟ್ಟಿಲು ಹತ್ತಿದಂತೆ ವಯಸ್ಸಿನ ದಾಖಲೆ ಮತ್ತೆ ಮತ್ತೆ ಕೇಳುತ್ತಾರೆ. ಸ್ಟಾಪರ್ ಸಾಮಾನ್ಯವಾಗಿ ತಂಡದಲ್ಲೇ ಎತ್ತರದ ಹುಡುಗ, ಎದುರಾಳಿಯ ಆಕ್ಷೇಪಣೆ ಮೊದಲು ಬರುವುದೂ ಅವನ ಮೇಲೆಯೇ. ಎಸ್ಸೆಸ್ಸೆಲ್ಸಿ ಹತ್ತಿರ ಬಂದರೆ ಟ್ಯೂಷನ್ ಅವನನ್ನು ಎಳೆದುಕೊಂಡು ಹೋಗುತ್ತದೆ. ಇನ್ನು ಗುಳೆ. ಅಪ್ಪ ಅವ್ವ ಕೆಲಸ ಹುಡುಕಿ ಪುಣೆಗೋ ಮುಂಬೈಗೋ ಬೆಂಗಳೂರಿಗೋ ಹೊರಟರೆ ತಂಡದ ಬೆನ್ನೆಲುಬೂ ಅದೇ ರೈಲು ಹತ್ತುತ್ತದೆ. ಕೋಚ್ ಸಾಹೇಬರಿಗೆ ಇದು ಪಂದ್ಯದ ಹಿಂದಿನ ದಿನ ಗೊತ್ತಾದರೆ ಪುಣ್ಯ.

ಕಬಡ್ಡಿ ನೋಡಿ ಬೆಳೆದವರಿಗೆ ಮುಂದಿನದು ಬೇಗ ತಿಳಿಯುತ್ತದೆ. ಏಳು ಜನರಲ್ಲಿ ಎಡ ಕಾರ್ನರ್ ಔಟಾದ ಕ್ಷಣ ಉಳಿದ ಆರು ಮಂದಿ ಮೊದಲಿದ್ದ ಜಾಗದಲ್ಲೇ ನಿಲ್ಲುವುದಿಲ್ಲ. ಕವರ್ ಆಡುತ್ತಿದ್ದವನು ಮೂಲೆಗೆ ಸರಿಯುತ್ತಾನೆ, ಹಿಡಿದ ಕೈಗಳು ಬದಲಾಗುತ್ತವೆ, ರೈಡರ್ ಬರುವ ದಾರಿಯೇ ಬೇರೆಯಾಗುತ್ತದೆ. ಫುಟ್‌ಬಾಲಿನಲ್ಲೂ ಇದೇ ಸರಿದಾಟ. ವ್ಯತ್ಯಾಸ ಇಷ್ಟೆ: ಕಬಡ್ಡಿಯಲ್ಲಿ ಒಂದು ಪಾಯಿಂಟ್ ಬಂದರೆ ಔಟಾದವನು ಎದ್ದು ಒಳಗೆ ಬರುತ್ತಾನೆ, ಇಲ್ಲಿ ರೆಡ್ ಕಾರ್ಡ್ ಕಂಡವನು ಬರುವುದಿಲ್ಲ, ತಂಡ ಹತ್ತೇ ಜನರಲ್ಲಿ ಮುಗಿಸಬೇಕು. ಪೆಟ್ಟಾಗಿ ಹೊರ ಹೋದವನ ಜಾಗಕ್ಕೆ ಬದಲಿ ಆಟಗಾರ ಬರಬಹುದು. ಹುಡುಗರ ಪಂದ್ಯಗಳಲ್ಲಿ ಸಂಘಟಕರು ಒಪ್ಪಿದರೆ ಹೊರ ಹೋದವನೇ ಮರಳಿ ಬರುವುದಕ್ಕೂ ನಿಯಮದಲ್ಲಿ ಅವಕಾಶವಿದೆ. ಆದ್ದರಿಂದ ಹೋದವನು ಯಾಕೆ ಹೋದ ಎಂಬುದನ್ನು ಮೊದಲು ಪಕ್ಕದಲ್ಲಿ ನಿಂತವರನ್ನು ಕೇಳಿಕೊಳ್ಳಿ.

ಈಗ ನಿಲ್ಲುವ ಜಾಗ. ನಡುಗೆರೆಯ ಹತ್ತಿರ ನೆರಳಿದ್ದರೂ ಬೇಡ. ಗೋಲಿನ ಹಿಂದೆ, ಸ್ವಲ್ಪ ಓರೆಯಾಗಿ, ಕಾರ್ನರ್ ಬಾವುಟದ ಕಡೆ ನಿಲ್ಲಿ. ಅಲ್ಲಿಂದ ನಾಲ್ವರು ಡಿಫೆಂಡರ್‌ಗಳ ನಡುವಿನ ಅಂತರ ಸ್ಪಷ್ಟವಾಗಿ ಕಾಣುತ್ತದೆ, ಮತ್ತು ಡಿಫೆನ್ಸ್ ಎಂದರೆ ಬಹುಪಾಲು ಆ ಅಂತರವೇ. ಮೊದಲ ಹತ್ತು ನಿಮಿಷ ಚೆಂಡನ್ನು ಮರೆತು, ಹೊಸದಾಗಿ ನಡುವೆ ನಿಂತ ಹುಡುಗನನ್ನೂ ಅವನ ಎಡ ಬಲದವರನ್ನೂ ನೋಡಿ. ಚೆಂಡು ಬಲಕ್ಕೆ ಹೋದಾಗ ನಾಲ್ವರೂ ಬಲಕ್ಕೆ ಸರಿಯಬೇಕು. ಹೊಸಬ ಚೆಂಡನ್ನೇ ನೋಡುತ್ತ ಒಬ್ಬನೇ ಸರಿದರೆ ಅವನ ಬೆನ್ನಿಗೆ ಬಾಗಿಲು ತೆರೆಯುತ್ತದೆ. ಜಾಣ ಫಾರ್ವರ್ಡ್ ಅದನ್ನು ನಿಮಗಿಂತ ಮೊದಲೇ ನೋಡಿರುತ್ತಾನೆ.

ಹೋದ ಸ್ಟಾಪರ್ ಮಾಡುತ್ತಿದ್ದದ್ದು ಮುಖ್ಯವಾಗಿ ಮೂರು ಕೆಲಸ. ಎತ್ತರದ ಚೆಂಡಿಗೆ ತಲೆ ಕೊಡುವುದು. ಜೊತೆಗಾರ ತಪ್ಪಿದಾಗ ಅವನ ಹಿಂದೆ ಕವರ್ ಇರುವುದು. ಈ ಎರಡಕ್ಕೆ ಬದಲಿ ಹೇಗೋ ಸಿಗುತ್ತದೆ. ಮೂರನೆಯದು ಬಾಯಿ, ಅದಕ್ಕೆ ಬೇಗ ಸಿಗುವುದಿಲ್ಲ.

ಈ ಬಾಯಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಡಿಫೆನ್ಸ್ ಸಾಲು ಯಾವಾಗ ಮುಂದೆ ಹೋಗಬೇಕು, ಯಾವಾಗ ಹಿಂದೆ ಸರಿಯಬೇಕು ಎಂದು ಒಬ್ಬನು ಕೂಗಬೇಕು. ಆಫ್‌ಸೈಡ್ ನಿಯಮದ ಲಾಭ ಸಿಗುವುದು ನಾಲ್ವರೂ ಒಟ್ಟಿಗೆ ಮುಂದೆ ಬಂದಾಗ. ಮೂವರು ಬಂದು ಒಬ್ಬ ಒಂದು ಹೆಜ್ಜೆ ಹಿಂದೆ ಉಳಿದರೆ ಎದುರಾಳಿ ಆಫ್‌ಸೈಡ್ ಅಲ್ಲ, ಗೋಲ್‌ಕೀಪರನ ಎದುರಿಗೆ ಒಬ್ಬನೇ. ಹಳೆಯ ಸ್ಟಾಪರ್ ಕೂಗುತ್ತಿದ್ದ, ಉಳಿದವರು ತಲೆ ಎತ್ತದೆ ಪಾಲಿಸುತ್ತಿದ್ದರು. ಹೊಸಬನಿಗೆ ಕೂಗಲು ಸಂಕೋಚ. ಬಲಗಡೆಯವನು ಇವನಿಗಿಂತ ಒಂದು ಕ್ಲಾಸ್ ಮುಂದಿದ್ದರಂತೂ ಮುಗಿಯಿತು. ಅಣ್ಣನಿಗೆ ‘ಹಿಂದ್ ಬಾರಲೇ’ ಅನ್ನುವುದು ಹೇಗೆ? ಹೀಗಾಗಿ ಆ ದಿನದ ಮೊದಲ ಕಾಲು ಗಂಟೆ ಹಿಂದಿನ ಸಾಲಿನಲ್ಲಿ ಒಂದು ಮೌನ ಇರುತ್ತದೆ. ಕಣ್ಣಿನ ಜೊತೆ ಕಿವಿಯನ್ನೂ ಅಲ್ಲಿಡಿ. ಆಮೇಲೆ ಯಾರೋ ಕೂಗಲು ಶುರು ಮಾಡುತ್ತಾರೆ. ಕೆಲವೊಮ್ಮೆ ಗೋಲ್‌ಕೀಪರ್, ಕೆಲವೊಮ್ಮೆ ಅಲ್ಲಿಯವರೆಗೆ ಬಾಯಿಯೇ ಬಿಡದ ಎಡ ಬ್ಯಾಕ್. ‘ಮ್ಯಾಲ ಬಾ, ಮ್ಯಾಲ ಬಾ’, ‘ಅವನ್ನ ಬಿಡಬ್ಯಾಡ’, ನಡುವೆ ಒಂದಿಷ್ಟು ದಖ್ಖನಿ. ಯಾರು ಕೂಗಿದರೂ ಸರಿ, ಡಿಫೆನ್ಸ್ ಮರಳಿ ಹುಟ್ಟುವುದು ಆ ಕೂಗಿನಿಂದ.

ಸಾಲು ಎಲ್ಲಿದೆ ಎಂದು ಗೊತ್ತಾಗದಿದ್ದರೆ ಒಂದು ಸುಲಭ ಉಪಾಯವಿದೆ. ಬಾವುಟ ಹಿಡಿದು ಬದಿಯಲ್ಲಿ ಓಡುವ ಲೈನ್ಸ್‌ಮನ್ ಕೊನೆಯಿಂದ ಎರಡನೆಯ ರಕ್ಷಕನ ನೇರಕ್ಕೆ ನಿಲ್ಲಬೇಕು ಎಂಬುದು ಅವನ ಕೆಲಸದ ನಿಯಮ. ಕೊನೆಯವನು ಸಾಮಾನ್ಯವಾಗಿ ಗೋಲ್‌ಕೀಪರ್. ಲೈನ್ಸ್‌ಮನ್ ಗೋಲಿನ ಕಡೆಗೇ ಸರಿಯುತ್ತಿದ್ದರೆ ಡಿಫೆನ್ಸ್ ಹೆದರಿ ಹಿಂದೆ ಹಿಂದೆ ಹೋಗುತ್ತಿದೆ ಎಂದು ತಿಳಿಯಿರಿ. ಹೆದರುವುದು ತಪ್ಪಲ್ಲ. ಆದರೆ ಬ್ಯಾಕ್‌ಗಳು ಹಿಂದೆ ಸರಿದಾಗ ಮಿಡ್‌ಫೀಲ್ಡಿನವರೂ ಹಿಂದೆ ಬಂದರೇ ಎಂದು ನೋಡಬೇಕು. ಬರದಿದ್ದರೆ ಎರಡು ಸಾಲುಗಳ ನಡುವೆ ಬಯಲು ಬೀಳುತ್ತದೆ. ಅಲ್ಲಿ ಚೆಂಡು ಪಡೆದವನಿಗೆ ಎತ್ತ ಬೇಕಾದರೂ ತಿರುಗಲು ಸಮಯವಿರುತ್ತದೆ.

ಇನ್ನು ಕೋಚ್ ಏನು ಮಾಡಿದರು ಎಂಬುದನ್ನು ಓದುವುದು. ಅವರ ಮುಂದಿರುವ ದಾರಿಗಳು ಬಹಳ ಇಲ್ಲ. ಬೆಂಚಿನಲ್ಲಿದ್ದ ಹುಡುಗನನ್ನೇ ಆ ಜಾಗಕ್ಕೆ ತರುವುದು ಒಂದು. ನಡುಮೈದಾನದಲ್ಲಿ ಆಡುವ ತಂಡದ ಅತ್ಯುತ್ತಮ ಆಟಗಾರನನ್ನು ಹಿಂದಕ್ಕೆ ಎಳೆಯುವುದು ಇನ್ನೊಂದು. ಇದು ಎಲ್ಲರಿಗೂ ಮೊದಲು ಹೊಳೆಯುವ ದಾರಿ, ನನಗೆ ಅತ್ಯಂತ ಅನುಮಾನವಿರುವ ದಾರಿಯೂ ಹೌದು. 2020ರ ಅಕ್ಟೋಬರ್ 17ರಂದು ಎವರ್ಟನ್ ಎದುರಿನ ಪಂದ್ಯದಲ್ಲಿ ಲಿವರ್‌ಪೂಲ್‌ನ ವರ್ಜಿಲ್ ವಾನ್ ಡೈಕ್ ಮೊಣಕಾಲಿಗೆ ದೊಡ್ಡ ಪೆಟ್ಟು ಮಾಡಿಕೊಂಡ. ಆ ಋತುವಿನಲ್ಲಿ ಮತ್ತೆ ಆಡಲಿಲ್ಲ. ಬಳಿಕ ಜೋ ಗೋಮೆಜ್, ಜೋಯೆಲ್ ಮಾಟಿಪ್ ಕೂಡ ಗಾಯಗೊಂಡರು. ತಂಡ ಫಾಬಿನ್ಯೊ, ಹೆಂಡರ್ಸನ್ ಎಂಬ ಇಬ್ಬರು ಮಿಡ್‌ಫೀಲ್ಡರ್‌ಗಳನ್ನು ಹಿಂದಕ್ಕೆ ತಂದಿತು. ಹಿಂದಿನ ತೂತು ಮುಚ್ಚಲು ಹೋಗಿ ನಡುವೆ ತೂತು ಬಿತ್ತು. 2021ರ ಆರಂಭದಲ್ಲಿ ತನ್ನದೇ ಆನ್‌ಫೀಲ್ಡ್ ಮೈದಾನದಲ್ಲಿ ಲೀಗಿನ ಸತತ ಆರು ಪಂದ್ಯ ಸೋತಿತು. ಆ ಕ್ಲಬ್ಬಿನ ಇತಿಹಾಸದಲ್ಲೇ ಅಂಥದ್ದು ಆಗಿರಲಿಲ್ಲ. ಮಾರ್ಚಿನಲ್ಲಿ ಫಾಬಿನ್ಯೊನನ್ನು ಅವನ ಜಾಗಕ್ಕೆ ಮರಳಿಸಿದರು. ಹಿಂದೆ ಹೆಚ್ಚು ಹೆಸರಿಲ್ಲದ ನ್ಯಾಟ್ ಫಿಲಿಪ್ಸ್ ನಿಂತ, ಕೊನೆಕೊನೆಗೆ ಅವನ ಪಕ್ಕದಲ್ಲಿ ಇಪ್ಪತ್ತರ ಹುಡುಗ ರೀಸ್ ವಿಲಿಯಮ್ಸ್. ಇಬ್ಬರೂ ವಾನ್ ಡೈಕ್‌ನ ಹತ್ತಿರಕ್ಕೂ ಬರುವವರಲ್ಲ. ಆದರೂ ತಂಡ ಲೀಗಿನ ಕೊನೆಯ ಹತ್ತು ಪಂದ್ಯ ಸೋಲದೆ ಮೂರನೆಯ ಸ್ಥಾನಕ್ಕೆ ಬಂತು. ಒಂದು ಜಾಗ ದುರ್ಬಲವಾದರೂ ನಡೆದೀತು, ಎರಡು ಜಾಗ ಕದಲಿಸಬಾರದು.

ಇದಕ್ಕೆ ತದ್ವಿರುದ್ಧ ಉದಾಹರಣೆ ನಮ್ಮ ಹತ್ತಿರದ್ದೇ. ಐವಾನ್-ಎ-ಶಾಹಿ ನಿಜಾಮರು ಕಲಬುರಗಿಗೆ ಬಂದಾಗ ತಂಗುತ್ತಿದ್ದ ಬಿಳಿ ಕಲ್ಲಿನ ಮನೆ. ಅವರ ರಾಜಧಾನಿ ಹೈದರಾಬಾದಿನಲ್ಲಿ ಶಾಲಾ ಮೇಷ್ಟ್ರಾಗಿದ್ದ ಸೈಯದ್ ಅಬ್ದುಲ್ ರಹೀಂ 1950ರಿಂದ ಸಿಟಿ ಪೊಲೀಸ್ ತಂಡವನ್ನೂ ಭಾರತ ತಂಡವನ್ನೂ ತಯಾರು ಮಾಡಿದವರು. 1956ರ ನವೆಂಬರ್ 1ಕ್ಕೆ ಕಲಬುರಗಿ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯ ಸೇರಿತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ರಹೀಂ ಅವರ ತಂಡ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ಅವರ ದೊಡ್ಡ ಪರೀಕ್ಷೆ ಬಂದದ್ದು 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ. ಡಿಫೆನ್ಸಿನ ಗಟ್ಟಿ ಗೋಡೆ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿದರು. ಹೊಲಿಗೆಯ ತಲೆಯವರನ್ನು ಹಿಂದೆ ನಿಲ್ಲಿಸುವುದು ಅಪಾಯ, ಹೊರಗೆ ಕೂರಿಸುವುದು ನಷ್ಟ. ರಹೀಂ ಜರ್ನೈಲ್ ಅವರನ್ನು ಮುಂದಕ್ಕೆ, ಸೆಂಟರ್ ಫಾರ್ವರ್ಡ್ ಜಾಗಕ್ಕೆ ಕಳಿಸಿ, ಹಿಂದಿನ ಭಾರವನ್ನು ಅರುಣ್ ಘೋಷ್ ಮೊದಲಾದವರಿಗೆ ವಹಿಸಿದರು. ಜರ್ನೈಲ್ ಸೆಮಿಫೈನಲ್‌ನಲ್ಲೂ ಗೋಲು ಹೊಡೆದರು, ಫೈನಲ್‌ನಲ್ಲೂ ಹೊಡೆದರು. ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು; ಮೊದಲ ಸುತ್ತಿನಲ್ಲಿ ಅದೇ ಕೊರಿಯಾದ ಎದುರು 0-2ರಿಂದ ಸೋತಿತ್ತು. ಈ ಕಥೆ ಕೇಳಿದ ಯಾವ ಕೋಚಿಗಾದರೂ ಗಾಯದ ಸ್ಟಾಪರನನ್ನು ಫಾರ್ವರ್ಡ್ ಆಡಿಸುವ ಆಸೆ ಹುಟ್ಟಬಹುದು. ಮಕ್ಕಳ ವಿಷಯದಲ್ಲಿ ಅದು ಬೇಡವೇ ಬೇಡ. ತಲೆಗೆ ಪೆಟ್ಟು ಬಿದ್ದ ಹುಡುಗ ಆ ದಿನ ಮೈದಾನದ ಹೊರಗೇ ಇರಬೇಕು.

ಹುಡುಗರ ತಂಡಕ್ಕೆ ನನಗೆ ಸರಿ ಕಾಣುವುದು ಮೂರನೆಯ ದಾರಿ: ಜಾಗ ಬದಲಿಸದೆ ಕೆಲಸ ಕಡಿಮೆ ಮಾಡುವುದು. ಇದನ್ನು ಗುರುತಿಸಲು ಎರಡೂ ಬದಿಯ ಬ್ಯಾಕ್‌ಗಳನ್ನು ನೋಡಿ. ಮೊನ್ನೆಯವರೆಗೆ ದಾಳಿಗೆ ಓಡುತ್ತಿದ್ದವರು ಇವತ್ತು ನಡುಗೆರೆ ದಾಟುತ್ತಿಲ್ಲವಾದರೆ ಕೋಚ್ ಹೇಳಿ ಕಳಿಸಿದ್ದಾರೆ ಎಂದರ್ಥ. ಮಿಡ್‌ಫೀಲ್ಡಿನ ಒಬ್ಬ ಹೊಸಬನ ಮುಂದೆಯೇ ಸುಳಿದಾಡುತ್ತ ಅವನ ಬಳಿ ಚೆಂಡು ಬರುವ ಮೊದಲೇ ತಡೆಯುತ್ತಿದ್ದರೆ ಅದೂ ಯೋಜನೆಯೇ. ತಂಡ ಕಡಿಮೆ ಗೋಲು ಹೊಡೆಯುತ್ತದೆ, ನಿಜ. ಸಪ್ಪೆ ಆಟ ಎಂದು ಪಕ್ಕದವರು ಗೊಣಗುತ್ತಾರೆ, ಗೊಣಗಲಿ.

ಕಾರ್ನರ್ ಕಿಕ್ ಬಂದಾಗ ಮಾತ್ರ ಯಾವ ಯೋಜನೆಯೂ ಹುಡುಗನನ್ನು ಮರೆಮಾಡಲಾರದು. ಹತ್ತಿರದ ಗೋಲುಗಂಬದ ಬಳಿ ಮೊದಲು ಜಿಗಿಯುತ್ತಿದ್ದವನು ಹಳೆಯ ಸ್ಟಾಪರ್, ಇವತ್ತು ಯಾರು? ಎದುರಾಳಿ ಬುದ್ಧಿವಂತನಾಗಿದ್ದರೆ ಚೆಂಡು ಪದೇ ಪದೇ ಅಲ್ಲಿಗೇ ಬರುತ್ತದೆ. ಅದರ ಮೇಲೆ ನಮ್ಮ ಮೈದಾನಗಳ ಗುಣ. ಬಿಸಿಲಿಗೆ ಕಾದು ಗಟ್ಟಿಯಾದ ನೆಲದಲ್ಲಿ ಚೆಂಡು ಎಣಿಸಿದ್ದಕ್ಕಿಂತ ಎತ್ತರ ಪುಟಿಯುತ್ತದೆ. ಅನುಭವಿ ಸ್ಟಾಪರ್ ಅದು ನೆಲ ಮುಟ್ಟಲು ಬಿಡುವುದಿಲ್ಲ, ಮುಂದೆ ಬಂದು ಗಾಳಿಯಲ್ಲೇ ಹೊಡೆಯುತ್ತಾನೆ. ಹೊಸಬ ಕಾಯುತ್ತಾನೆ, ಚೆಂಡು ತಲೆಯ ಮೇಲಿಂದ ಹಾದು ಹೋಗುತ್ತದೆ. ಸಂಜೆ ಪಂದ್ಯವಾದರೆ ಪಡುವಣಕ್ಕೆ ಮುಖ ಮಾಡಿದ ತಂಡದ ಕಣ್ಣಿಗೆ ಸೂರ್ಯ ಹೊಡೆಯುತ್ತಾನೆ. ಗೋಲು ಬಿದ್ದರೆ ಹುಡುಗನನ್ನು ಬೈಯುವ ಮೊದಲು ಅವನು ಯಾವ ದಿಕ್ಕಿಗೆ ನೋಡುತ್ತಿದ್ದ ಎಂದು ಗಮನಿಸಿ.

ಚಪ್ಪಾಳೆ ಯಾವುದಕ್ಕೆ ಎಂಬ ಪ್ರಶ್ನೆ ಉಳಿಯಿತು. ಧೂಳೆಬ್ಬಿಸಿ ಜಾರಿ ಚೆಂಡು ಕಸಿಯುವುದಕ್ಕೆ ಎಲ್ಲರೂ ತಟ್ಟುತ್ತಾರೆ. ಅನೇಕ ಸಲ ಅದು ಮೂರು ಸೆಕೆಂಡ್ ಮೊದಲು ತಪ್ಪು ಜಾಗದಲ್ಲಿ ನಿಂತದ್ದರ ದಂಡ, ಅದೂ ಮೊಣಕಾಲಿನ ಚರ್ಮ ಕೊಟ್ಟು ಕಟ್ಟಿದ್ದು. ಎದುರಾಳಿಯ ಫಾರ್ವರ್ಡ್ ಚೆಂಡು ಹಿಡಿದು ಮುಂದೆ ನೋಡಿ, ದಾರಿ ಕಾಣದೆ, ಹಿಂದಕ್ಕೆ ಪಾಸ್ ಕೊಟ್ಟನಲ್ಲ, ಆಗ ತಟ್ಟಿ. ಆ ದಾರಿ ಮುಚ್ಚಿದವನು ಚೆಂಡನ್ನು ಮುಟ್ಟಿಯೂ ಇರುವುದಿಲ್ಲ.

ಪಂದ್ಯಕ್ಕೆ ಹೋಗುವಾಗ ಹತ್ತು ನಿಮಿಷ ಮೊದಲೇ ಹೋಗಿ. ವಾರ್ಮ್ ಅಪ್ ನಡೆಯುವಾಗ ಯಾರು ಯಾವ ಜಾಗದಲ್ಲಿ ನಿಲ್ಲುತ್ತಾರೆ, ಯಾರು ಬಂದಿಲ್ಲ ಎಂದು ಕೇಳಿಟ್ಟುಕೊಳ್ಳಿ. ನಿಮ್ಮ ಮಗನೋ ಮಗಳೋ ಆಡುತ್ತಿದ್ದರೆ ಗೆರೆಯಾಚೆಯಿಂದ ಡಿಫೆನ್ಸಿಗೆ ಸೂಚನೆ ಕೂಗಬೇಡಿ. ಆ ಸಾಲಿನಲ್ಲಿ ಒಂದೇ ಧ್ವನಿ ಕೇಳಬೇಕು, ಅದು ಒಳಗಿರುವವರದ್ದಾಗಿರಲಿ.