ಫ್ಲಷಿಂಗಿನ ಗಣಪತಿ ದೇವಸ್ಥಾನ

ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಫ್ಲಷಿಂಗಿನಲ್ಲಿರುವ ಶ್ರೀ ಮಹಾವಲ್ಲಭ ಗಣಪತಿ ದೇವಸ್ಥಾನ, ಅಮೆರಿಕಕ್ಕೆ ಹೋದ ಹಿಂದೂಗಳು ಆಗಮೋಕ್ತವಾಗಿ ಕಟ್ಟಿಸಿಕೊಂಡ ಮೊದಮೊದಲ ಗುಡಿಗಳಲ್ಲಿ ಒಂದು. ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನವೂ ಅದೇ 1977ರದ್ದು. ಯಾವುದು ಹಿರಿದು ಎಂಬ ಜಗ್ಗಾಟ ಭಕ್ತರಿಗೇ ಇರಲಿ.

1965ರ ವಲಸೆ ಕಾಯ್ದೆಯ ಬಳಿಕ ಭಾರತದ ವೈದ್ಯರು, ಎಂಜಿನಿಯರುಗಳು ಆ ದೇಶದಲ್ಲಿ ನೆಲೆಯೂರತೊಡಗಿದ್ದರು. ವಿಶ್ವಸಂಸ್ಥೆಯಲ್ಲಿ ಅಧಿಕಾರಿಯಾಗಿದ್ದ, ತಮಿಳುನಾಡು ಮೂಲದ ಅಳಗಪ್ಪ ಅಳಗಪ್ಪನ್ ಮುಂದಾಳತ್ವದ ಗುಂಪು 1970ರ ಜನವರಿ 26ರಂದು ಹಿಂದೂ ಟೆಂಪಲ್ ಸೊಸೈಟಿ ಆಫ್ ನಾರ್ತ್ ಅಮೆರಿಕವನ್ನು ನೋಂದಾಯಿಸಿತು. ಬೆಂಗಳೂರಿನ ರಾಜಾಜಿನಗರ, ವಿಜಯನಗರದಂಥ ಬಡಾವಣೆಗಳಲ್ಲಿ ಮೊದಲು ಗಣೇಶನ ಪೆಂಡಾಲು, ಆಮೇಲೆ ಶೀಟಿನ ಗುಡಿ, ಕಡೆಗೆ ಟ್ರಸ್ಟು ಹುಟ್ಟುವುದುಂಟು. ಫ್ಲಷಿಂಗಿನಲ್ಲಿ ಕ್ರಮ ತಿರುಗುಮುರುಗು: ಕಾಗದಪತ್ರ ಮೊದಲು, ದೇವರು ಆಮೇಲೆ. ಬೌನ್ ಸ್ಟ್ರೀಟಿನಲ್ಲಿ ರಷ್ಯನ್ ಆರ್ಥೊಡಾಕ್ಸ್ ಚರ್ಚಿನದಾಗಿದ್ದ ಜಾಗ ಕೊಂಡರು. ಆ ರಸ್ತೆಗೆ ಹೆಸರು ಕೊಟ್ಟ ಜಾನ್ ಬೌನ್, ತನ್ನ ಮನೆಯಲ್ಲಿ ಕ್ವೇಕರ್ ಪಂಥದವರ ಪ್ರಾರ್ಥನೆಗೆ ಎಡೆಕೊಟ್ಟು 1662ರಲ್ಲಿ ಸೆರೆಯಾದವನು. 1977ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದೇ, ಪ್ರತಿಷ್ಠೆ ನೆರವೇರಿತು.

ಗಣಪತಿಯನ್ನು ಮೂಲದೇವರಾಗಿ ಆರಿಸಿದ್ದು ಜಾಣತನ. ಶೈವರಿಗಾಗಲಿ ವೈಷ್ಣವರಿಗಾಗಲಿ, ತಮಿಳರಿಗಾಗಲಿ ಕನ್ನಡಿಗರಿಗಾಗಲಿ ಮರಾಠಿಗರಿಗಾಗಲಿ ಅವನಲ್ಲಿ ತಕರಾರಿಲ್ಲ. ಶಿವ, ವೆಂಕಟೇಶ್ವರ, ಷಣ್ಮುಖ, ನವಗ್ರಹಗಳೂ ಒಂದೇ ಸೂರಿನಡಿ ಬಂದವು. ಊರಿನಲ್ಲಿ ಬೇರೆ ಬೇರೆ ಗುಡಿ ಸುತ್ತುವವರು ಇಲ್ಲಿ ಒಂದೇ ಸುತ್ತಿನಲ್ಲಿ ಕೈಮುಗಿದು ಮುಗಿಸಬಹುದು. ಆದರೂ ಇದು ಎಲ್ಲ ಹಿಂದೂಗಳ ಗುಡಿ ಎಂಬ ಮಾತನ್ನು ಅಳೆದು ಒಪ್ಪಬೇಕು. ಆಂಧ್ರದ ಶಿಲ್ಪಿಗಳ ಕೆತ್ತನೆ, ಗೋಪುರ, ಅರ್ಚಕರ ಪದ್ಧತಿ ಎಲ್ಲವೂ ದಕ್ಷಿಣದವು. ಅದೇ ರಸ್ತೆಯಲ್ಲಿ ಗುಜರಾತಿಗಳು ತಮ್ಮದೇ ಸ್ವಾಮಿನಾರಾಯಣ ಮಂದಿರ ಮಾಡಿಕೊಂಡಿರುವುದನ್ನೂ ಮರೆಯುವಂತಿಲ್ಲ.

ಗುಡಿಯ ನಿಜವಾದ ಸಾಧನೆ ಗರ್ಭಗುಡಿಯ ಹೊರಗಿದೆ. ಕರ್ನಾಟಕ ಮೂಲದ ಸ್ತ್ರೀರೋಗ ತಜ್ಞೆ ಡಾ. ಉಮಾ ಮೈಸೂರೇಕರ್ 1994ರಲ್ಲಿ ಅಧ್ಯಕ್ಷೆಯಾದ ಮೇಲೆ ಕಲ್ಯಾಣ ಮಂಟಪ, ಸಭಾಂಗಣಗಳ ಸಮುದಾಯ ಭವನ ಬಳಕೆಗೆ ಬಂತು. ಪೌರೋಹಿತ್ಯ ಪುರುಷರದೇ ಆಗಿರುವ ವ್ಯವಸ್ಥೆಯೊಂದರ ಆಡಳಿತವನ್ನು ಮಹಿಳೆಯೊಬ್ಬರು ಇಷ್ಟು ದೀರ್ಘಕಾಲ ನಡೆಸಿದ್ದು ಸಣ್ಣ ಮಾತಲ್ಲ. ನೆಲಮಾಳಿಗೆಯ ಕ್ಯಾಂಟೀನಂತೂ ಮಡಿ-ಮೈಲಿಗೆಯ ಗಡಿ ದಾಟಿದೆ: ಪೂಜೆ ಮುಗಿಸಿದವರ ಪಕ್ಕದಲ್ಲೇ, ಗಣಪತಿಯ ಹೆಸರು ಕೇಳದ ಊರಿನವರೂ ಬಿಸಿ ಮಸಾಲೆ ದೋಸೆಯ ತುದಿ ಮುರಿದು ಚಟ್ನಿಗೆ ಅದ್ದುತ್ತಾರೆ. ಚೌತಿಯ ರಥ ಚೀನೀ, ಕೊರಿಯನ್ ಅಂಗಡಿಗಳ ನಡುವಿನ ರಸ್ತೆಗಿಳಿಯುತ್ತದೆ. 2022ರಲ್ಲಿ ನಗರಾಡಳಿತ ಬೌನ್ ಸ್ಟ್ರೀಟಿನ ಒಂದು ತುಂಡಿಗೆ ಗಣೇಶ್ ಟೆಂಪಲ್ ಸ್ಟ್ರೀಟ್ ಎಂಬ ಜೊತೆಹೆಸರನ್ನೂ ಕೊಟ್ಟಿತು.

ಕೊರತೆ ಕಾಣುವುದು ಆಡಳಿತದಲ್ಲಿ. ಟ್ರಸ್ಟಿಗಳನ್ನು ಟ್ರಸ್ಟಿಗಳೇ ಆರಿಸಿಕೊಳ್ಳುವ ಪದ್ಧತಿಯನ್ನು ಕೆಲವು ಭಕ್ತರು ಪ್ರಶ್ನಿಸಿ, ಸದಸ್ಯರಿಂದ ಚುನಾವಣೆ ಆಗಬೇಕೆಂದು ಕೋರ್ಟು ಹತ್ತಿದರು. ವರ್ಷಗಟ್ಟಲೆ ಎಳೆದ ವ್ಯಾಜ್ಯದಲ್ಲಿ 2008ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಟ್ರಸ್ಟಿಗಳ ಪರವಾಗಿ ನಿಂತಿತು. ಇದರಿಂದ ಆಡಳಿತಕ್ಕೆ ಸ್ಥಿರತೆ ಸಿಕ್ಕಿದ್ದು ದಿಟ. ಆದರೆ ಮನೆಮನೆಯ ಚಂದಾ, ಕಾಣಿಕೆಗಳಿಂದ ಎದ್ದ ಗುಡಿಯಲ್ಲಿ ಕೊಟ್ಟವರಿಗೆ ಆಡಳಿತದಲ್ಲಿ ಮತವಿಲ್ಲ. ಅವರಿಗೆ ಉಳಿದದ್ದು ಸೇವೆಯ ರಸೀದಿ ಮತ್ತು ಸ್ವಯಂಸೇವಕರ ಪಟ್ಟಿ.